ಯಾರ ಕಾಲಿನ ಕಡ್ಡಿ?

ಆ ಮನೆಯ ಯಜಮಾನನಿಗೆ ಕೇಳಿ ತಿಳಿದುಕೊಳ್ಳುವ ಅಭ್ಯಾಸವಿರಲಿಲ್ಲ. ಎಳೆದು ನೋಡುವ ಅಭ್ಯಾಸವಿತ್ತು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುತ್ತಿದ್ದ. ಹೆಂಡತಿ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ, ಸೊಸೆ ಹೊಲಿದ ಗುಂಡಿ, ಚಿಕ್ಕ ಮಗ ಗೋಡೆಗೆ ಒರಗಿಸಿದ ಏಣಿ, ಯಾವುದೂ ಅವನ ಕೈ ತಾಗದೆ ಪಾಸಾಗುತ್ತಿರಲಿಲ್ಲ. ಸಸಿ ಮಾರುವ ನರ್ಸರಿಯಲ್ಲಿ ಮೂವತ್ತೆಂಟು ವರ್ಷದಿಂದ ಗಿಡಗಳಿಗೆ ಕಸಿ ಕಟ್ಟುತ್ತ ಬಂದವನಾದ್ದರಿಂದ ಬೀದಿಯವರಿಗೆಲ್ಲ ಅವನು ಕಸಿ ಮೇಸ್ತ್ರಿ. ಮನೆಯವರು ಬೆನ್ನ ಹಿಂದೆ ಇಟ್ಟ ಹೆಸರು ಬೇರೆ: ಅನುಮಾನದ ಅಂಗಡಿ.

ಅಂಥವನು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೊಡ್ಡ ಮಗನೂ ಸೊಸೆಯೂ ಇದ್ದರು. ದೊಡ್ಡ ಮಗ ನೆಲಕ್ಕೆ ಟೈಲ್ಸ್ ಹಾಕುವವನು. ತಿಂಗಳ ಹಿಂದೆ, ಕಟ್ಟುತ್ತಿದ್ದ ಮನೆಯೊಂದರಲ್ಲಿ ಅಂಟುಪುಡಿಯ ಚೀಲ ಹೊತ್ತು ಹಲಗೆಯಿಂದ ಇಳಿಯುವಾಗ ಬಲಗಾಲು ತಿರುಚಿಕೊಂಡಿತ್ತು. ಊತವೇನೋ ಇಳಿಯಿತು. ಆದರೆ ಮಂಡಿಯನ್ನು ನಂಬುವ ಹಾಗಿರಲಿಲ್ಲ. ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಐದನೆಯದಕ್ಕೆ ಕೈಕೊಡುತ್ತಿತ್ತು.

"ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ," ಎನ್ನುತ್ತಿದ್ದರು ಡಾಕ್ಟರು. "ಹೊಲಿದ್ರೆ ನಿಲ್ಲಲ್ಲ. ಕಸಿ ಮಾಡ್ಬೇಕು."

ಕಸಿ ಎಂಬ ಮಾತಿಗೆ ಮೇಸ್ತ್ರಿಯ ಕಿವಿ ನೆಟ್ಟಗಾಯಿತು.

"ಕಸಿಗೆ ಬೇಕಾದ್ದು ಎಲ್ಲಿಂದ ತಗೋತೀರಾ?" ಸೊಸೆಯ ದನಿ.

"ಮಂಡಿಚಿಪ್ಪಿನ ಕೆಳಗೆ ಒಂದು ಪಟ್ಟಿ ಇರತ್ತೆ, ಅದನ್ನ ತಗೋಬಹುದು. ತೊಡೆ ಹಿಂದಿನ ನರ ತಗೋಬಹುದು. ಇಲ್ಲಾ ದಾನಿದು. ದಾನಿದಾದ್ರೆ ಚಿಕ್ಕ ವಯಸ್ಸಿನವರದ್ದು ಗಟ್ಟಿ. ಆದ್ರೆ ನಿಮ್ಮ ಯಜಮಾನರ ಕೆಲಸಕ್ಕೆ ಮಂಡಿಚಿಪ್ಪಿನ ಪಟ್ಟಿನೇ ಸರಿ ಅನ್ಸತ್ತೆ. ಬೇಗ ಹತ್ತತ್ತೆ, ಬಿಗಿಯಾಗಿರತ್ತೆ."

"ಆಯ್ತು ಸಾರ್, ಅದೇ ಮಾಡಿ," ಎಂದ ದೊಡ್ಡ ಮಗ. ಅಷ್ಟು ಬೇಗ ಅವನು ಯಾವ ಮಾತಿಗೂ ಆಯ್ತು ಅಂದವನಲ್ಲ.

ಮೇಸ್ತ್ರಿ ತನ್ನ ಕಸುಬಿನ ಲೆಕ್ಕದಲ್ಲಿ ಮಾತನ್ನು ತೂಗಿದ. ಕಸಿಗೆ ಎರಡು ಗಿಡ ಬೇಕು. ಬೇರು ಒಂದರದ್ದು, ಕಡ್ಡಿ ಇನ್ನೊಂದರದ್ದು. ಒಂದೇ ಗಿಡದ ಕಡ್ಡಿ ಕೊಯ್ದು ಅದೇ ಗಿಡಕ್ಕೆ ಕಟ್ಟುವ ಹುಚ್ಚನನ್ನು ಅವನು ಕಂಡಿರಲಿಲ್ಲ. ಮಂಡಿ ಮುಂದಿನ ಪಟ್ಟಿಯೋ, ತೊಡೆ ಹಿಂದಿನ ನರವೋ, ಅದು ಎಲ್ಲಿ ಕೊಯ್ಯುತ್ತಾರೆ ಎಂಬ ಮಾತಾಯಿತು. ಯಾರದ್ದನ್ನು ಕೊಯ್ಯುತ್ತಾರೆ? ದೂರದ ಕುಲದ ಕಡ್ಡಿ ಹತ್ತುವುದಿಲ್ಲ, ಹತ್ತಿರದ್ದೇ ಆಗಬೇಕು. ಚಿಕ್ಕ ವಯಸ್ಸಿನದೂ ಆಗಬೇಕು. ಮನೆಯಲ್ಲಿ ಹತ್ತಿರದ್ದೂ ಚಿಕ್ಕದೂ ಆದ ಕಾಲು ಇದ್ದದ್ದು ಒಬ್ಬನದೇ, ಚಿಕ್ಕ ಮಗನದು.

ಗಂಡಹೆಂಡಿರು ಹೊರಗೆ ಬಂದಾಗ ಕೇಳಿದ: "ಏನಂದ್ರು?"

"ಏನಿಲ್ಲ ಮಾವ, ಸಣ್ಣ ಆಪರೇಷನ್ನು," ಎಂದಳು ಸೊಸೆ. ಮುದುಕರು ಹೆದರಿಯಾರು ಎಂದು ಅವಳ ಎಣಿಕೆ.

ಏನಿಲ್ಲ ಎಂದರೆ ಏನೋ ಇದೆ ಎಂದು ಮೇಸ್ತ್ರಿಯ ಎಣಿಕೆ.

ಮಾರನೆಯ ವಾರ ಬೆಳಗಿನ ತಿಂಡಿಯ ಹೊತ್ತಿಗೆ ಆ ಎಣಿಕೆಗೆ ಸಾಕ್ಷಿ ಸಿಕ್ಕಿತು. ತೊಡೆಗೆ ಬಲ ಬರಲಿ ಎಂದು ಡಾಕ್ಟರು ದೊಡ್ಡ ಮಗನಿಗೆ ದಿನಕ್ಕೆರಡು ಬೇಯಿಸಿದ ಮೊಟ್ಟೆ ಹೇಳಿದ್ದರು. ಒಬ್ಬನ ತಟ್ಟೆಗೆ ಹಾಕಿ ಇನ್ನೊಬ್ಬನ ತಟ್ಟೆ ಬರಿದು ಬಿಡುವುದು ಸೊಸೆಗೆ ಸರಿಬರಲಿಲ್ಲ. ಮೈದುನನಿಗೂ ಎರಡು ಹಾಕಿದಳು.

"ಏನತ್ತಿಗೆ, ಇವತ್ತು ಕೋಳಿಗೆ ನನ್ನ ಮೇಲೂ ಪ್ರೀತಿ ಬಂತಾ?" ಎಂದ ಚಿಕ್ಕವನು. ಅವನು ಗೋಡೆಗೆ ಬಣ್ಣ ಬಳಿಯುವವನು. ಕಿವಿಯ ಹಿಂದೆ ಎಂದೂ ಅಳಿಸದ ಸುಣ್ಣದ ಚುಕ್ಕೆ.

"ತಿನ್ನು ತಿನ್ನು. ಕಾಲಿಗೆ ಒಳ್ಳೇದು."

"ನನ್ನ ಕಾಲಿಗೇನಾಗಿದೆ?"

"ಈಗೇನಾಗಿಲ್ಲ. ಚೆನ್ನಾಗಿರಲಿ ಅಂತ."

ಮೇಸ್ತ್ರಿ ಚಹದ ಲೋಟ ಕೆಳಗಿಟ್ಟ. ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಕುರಿಗೆ ಹುಲ್ಲು ಹಾಕುವುದನ್ನು ಅವನು ಕಂಡಿದ್ದ.

ಆ ಸಂಜೆ ಇನ್ನೂ ಚೆನ್ನಾದ ಸಾಕ್ಷಿ ಬಂತು. ಸೊಸೆ ಮುಂದಿನ ಬೀದಿಯ ಹೊಲಿಗೆ ಅಂಗಡಿಯಲ್ಲಿ ಟೈಲರು. ಆಪರೇಷನ್ ಆದ ಮೇಲೆ ಗಂಡನಿಗೆ ಪ್ಯಾಂಟು ಏರಿಸಲಾಗದು ಎಂದು ಪಕ್ಕ ಬಿಚ್ಚುವಂಥ ದೊಗಳೆ ಚಡ್ಡಿ ಹೊಲಿಯುವ ಯೋಚನೆ. ಗಂಡನಿಗೆ ನೆಟ್ಟಗೆ ನಿಲ್ಲಲಾಗದು. ಅಣ್ಣತಮ್ಮಂದಿರ ಅಳತೆ ಒಂದೇ. ಅವಳು ಟೇಪು ಹಿಡಿದು ಮೈದುನನನ್ನು ನಡುಮನೆಯಲ್ಲಿ ನಿಲ್ಲಿಸಿದಳು.

"ಅಲ್ಲಾಡಬೇಡ. ತೊಡೆ... ಇಪ್ಪತ್ತೆರಡೂವರೆ. ಮಂಡಿಯಿಂದ ಮೇಲೆ... ಪಟ್ಟಿ ಕಟ್ಟೋಕೆ ನಾಲ್ಕಿಂಚು ಬಿಡ್ಬೇಕು. ಬಲಗಾಲೇ ತಾನೇ? ಹ್ಞಾ, ಬಲಗಾಲೇ."

"ಯಾತಕ್ಕತ್ತಿಗೆ?"

"ಆಮೇಲೆ ಗೊತ್ತಾಗತ್ತೆ ಬಿಡು." ಅವಳ ಬಾಯಲ್ಲಿ ಗುಂಡುಸೂಜಿ ಇತ್ತು, ಹೆಚ್ಚು ಮಾತಾಡುವ ಹಾಗಿರಲಿಲ್ಲ.

ಬಾಗಿಲ ಸಂದಿನಲ್ಲಿ ನಿಂತಿದ್ದ ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕಿದ: ತೊಡೆ, ಮಂಡಿ, ಬಲಗಾಲು.

ಭಾನುವಾರ ಚಿಕ್ಕ ಮಗನನ್ನು ನರ್ಸರಿಗೆ ಕರೆದುಕೊಂಡು ಹೋದ. ನೆರಳುಬಲೆಯ ಕೆಳಗೆ ಸಾಲಾಗಿ ನಿಂತ ಸಸಿಗಳ ನಡುವೆ ಕೂತು, ಚೂರಿಯಿಂದ ಕಡ್ಡಿ ಸೀಳುತ್ತ ಹೇಳಿದ: "ನಿಂಗೊಂದು ಮಾತು. ಯಾವ ಕಾಗದಕ್ಕೂ ಸೈನ್ ಹಾಕಬೇಡ."

"ಯಾವ ಕಾಗದ?"

"ಯಾವ್ದೇ ಆಗ್ಲಿ. ನಿಮ್ಮಣ್ಣನಿಗೆ ಕಾಲು ಕಸಿ ಮಾಡ್ತಾರಂತೆ. ಕಡ್ಡಿ ಎಲ್ಲಿಂದ ಬರತ್ತೆ, ಯೋಚ್ನೆ ಮಾಡು. ಮೊಟ್ಟೆ ಯಾಕೆ ಬಂತು, ಟೇಪು ಯಾಕೆ ಬಂತು?"

ಚಿಕ್ಕವನು ನಕ್ಕ. ಆಮೇಲೆ ನಗು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕೈ ತಾನಾಗಿ ಬಲತೊಡೆಯ ಹಿಂಭಾಗಕ್ಕೆ ಹೋಯಿತು. "ನಾನು ದಿನಾ ಏಣಿ ಹತ್ತೋನಪ್ಪ!"

"ಅದಕ್ಕೇ ಹೇಳಿದ್ದು. ಕೊಡೋದು ಬೇರೆ, ಕಸಿಯೋದು ಬೇರೆ. ಬಾಯಿಬಿಟ್ಟು ಕೇಳಿದ್ರೆ ಕೊಡೋ ವಿಚಾರ ಮಾಡ್ಬಹುದು. ಮೊಟ್ಟೆ ತಿನ್ಸಿ ಕಸ್ಕೊಳ್ಳೋಕೆ ಬಂದ್ರೆ ನಾನು ಸುಮ್ನಿರಲ್ಲ."

ಕಡ್ಡಿಯನ್ನು ಬೇರಿನ ಸಸಿಗೆ ಸೇರಿಸಿ ಪಟ್ಟಿ ಸುತ್ತಿ, ಸಸಿಯನ್ನು ಸಾಲಿಗಿಟ್ಟ. ಚಿಕ್ಕವನು ಸುಮ್ಮನೆ ಕೈಚಾಚಿ ಆ ಗಂಟನ್ನು ಅಲ್ಲಾಡಿಸಹೋದ. ಅಪ್ಪ ಫಟ್ಟನೆ ಕೈಮೇಲೆ ಹೊಡೆದ.

"ಕಟ್ಟಿದ ಕಸಿ ಮುಟ್ಟಿದವ ಕೆಟ್ಟ! ಎಷ್ಟು ಸಲ ಹೇಳ್ಬೇಕು? ಅದು ಹತ್ತಿದ್ರೆ ತಾನೇ ಚಿಗುರತ್ತೆ."

"ಬೀಗ ಮಾತ್ರ ಮೂರ್ಮೂರು ಸಲ ಎಳೀತೀಯ."

"ಬೀಗಕ್ಕೆ ಜೀವ ಇಲ್ಲ."

ಅಂದಿನಿಂದ ಚಿಕ್ಕವನು ಮನೆಯಲ್ಲಿ ತಿಂಡಿ ಬಿಟ್ಟ. ಮಧ್ಯಾಹ್ನದ ಡಬ್ಬಿಯನ್ನೂ ಬಿಟ್ಟ. ಸಂಜೆ ಅನ್ನ ಬೇಳೆ ತಿಂದು ಕೈತೊಳೆದು ಎದ್ದುಬಿಡುತ್ತಿದ್ದ. ಅಣ್ಣನ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಮೊಟ್ಟೆಗಳು ತಟ್ಟೆಯಲ್ಲೇ ತಣ್ಣಗಾದವು. ಅವನ್ನು ಅಮ್ಮ ತಿಂದಳು, ಗೊಣಗುತ್ತ ತಿಂದಳು.

ಅಮ್ಮನಿಗೆ ವಿಷಯ ಮುಟ್ಟಲು ಮೂರು ದಿನ ಹಿಡಿಯಿತು. ಬಟ್ಟೆ ಮಡಚುತ್ತ ಗಂಡನೊಡನೆ ಜಗಳಕ್ಕೆ ನಿಂತಳು.

"ತಮ್ಮ ಅಂದ್ಮೇಲೆ ಒಂದು ನರ ಕೊಟ್ರೆ ಏನು ಸೊರಗಿ ಹೋಗ್ತಾನಾ?"

"ನಿನ್ನದ್ದಾ ನರ? ಬಾಯಿಗೆ ಬಂದ ಹಾಗೆ ದಾನ ಮಾಡ್ತೀಯಲ್ಲ."

"ಎರಡೂ ನನ್ನ ಹೊಟ್ಟೆಲಿ ಹುಟ್ಟಿದ ಕಾಲೇ. ಒಂದು ಕುಂಟ್ತಿದ್ರೆ ಇನ್ನೊಂದು ಹೇಗ್ರೀ ಕುಣಿಯತ್ತೆ?"

"ಎರಡೂ ಕುಂಟಿದ್ರೆ ಯಾರು ನಡೆಸ್ತಾರೆ ಮನೇನ? ನೀನಾ?"

"ಹ್ಞೂಂ, ನಾನೇ! ಇಷ್ಟು ದಿನ ಇನ್ಯಾರು ನಡೆಸಿದ್ದು? ಬೀಗ ಎಳೆದ್ರೆ ಮನೆ ನಡೆಯತ್ತಾ?"

ಮೇಸ್ತ್ರಿ ಅವಳು ಮಡಚಿಟ್ಟ ಬಟ್ಟೆಯ ಗಂಟನ್ನು ಒಮ್ಮೆ ಜಗ್ಗಿ ನೋಡಿ ಹೊರಗೆ ಹೋದ.

ದೊಡ್ಡ ಮಗನಿಗೆ ಇದೊಂದೂ ತಿಳಿಯದು. ಅವನು ಕಂಡದ್ದು ತಮ್ಮನ ತಪ್ಪಿಸಿಕೊಳ್ಳುವ ಕಣ್ಣು. ಕೆಲಸ ಕೊಡುತ್ತಿದ್ದ ಗುತ್ತಿಗೆದಾರ ಈ ನಡುವೆ ತನಗೆ ಫೋನು ಮಾಡಿರಲಿಲ್ಲ. ತಮ್ಮನಿಗೆ ಎರಡು ಸಲ ಮಾಡಿದ್ದ. ಬಣ್ಣದ ಕೆಲಸಕ್ಕೋ, ತನ್ನ ಜಾಗದ ಕೆಲಸಕ್ಕೋ? ಒಂದು ಸಂಜೆ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಏನೋ, ನನ್ನ ಪಕ್ಕ ಕೂತ್ರೆ ಕುಂಟು ಅಂಟತ್ತಾ?"

"ಯಾರು ಯಾರಿಗೆ ಏನು ಅಂಟಿಸ್ಬೇಕು ಅಂತಿದ್ದಾರೋ ನನಗೂ ಗೊತ್ತಿದೆ."

"ಏನು ಗೊತ್ತು? ಬಿಡಿಸಿ ಹೇಳು."

"ನೀನು ಬಿಡಿಸಿ ಹೇಳು. ಕದ್ದುಮುಚ್ಚಿ ಮಾಡ್ತಿರೋನು ನೀನು."

ದೊಡ್ಡವನ ಮುಖ ಸಪ್ಪಗಾಯಿತು. ಅವನೂ ಒಂದನ್ನು ಮುಚ್ಚಿಟ್ಟಿದ್ದ, ಅದು ತಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿ. "ನಿಂಗೆ ಯಾರು ಹೇಳಿದ್ದು?" ಎಂದ.

"ನೋಡಿದ್ಯಾ!" ಎಂದು ಚಿಕ್ಕವನು ಅಪ್ಪನ ಕಡೆ ತಿರುಗಿದ. "ಇಲ್ಲ ಅನ್ನಲಿಲ್ಲ!"

ಬಡಿಸುತ್ತಿದ್ದ ಸೊಸೆಯ ಕೈಯ ಸೌಟು ಗಾಳಿಯಲ್ಲಿ ನಿಂತಿತು. ಗಂಡ ಏನನ್ನು ಇಲ್ಲ ಅನ್ನಲಿಲ್ಲ? ಅವಳ ತಲೆಗೂ ಹುಳ ಹೊಕ್ಕಿತು.

ಆ ಹುಳಕ್ಕೆ ಮೇವು ಹೊಲಿಗೆ ಅಂಗಡಿಯಲ್ಲಿ ಸಿಕ್ಕಿತು. ಕಚೇರಿಯೊಂದರ ನೆಲ ಒರೆಸುವ ಹೆಂಗಸು ರವಿಕೆ ಬಿಗಿ ಬಿಡಿಸಲು ಬಂದಿದ್ದಳು. ಮಾತಿಗೆ ಮಾತು ಬಂದು ಅವಳು ಸೀರೆ ಸರಿಸಿ ಮಂಡಿಯ ಮುಂದಿನ ಉದ್ದ ಗೆರೆ ತೋರಿಸಿದಳು.

"ಆಪರೇಷನ್ನೇನೋ ಗಟ್ಟಿ ಕಣಮ್ಮ, ಓಡು ಅಂದ್ರೆ ಓಡ್ತೀನಿ. ಆದ್ರೆ ಮಂಡಿ ಊರೋಕಾಗಲ್ಲ. ಚಿಪ್ಪಿನ ಕೆಳಗಿಂದ ತೆಗೆದ್ರಲ್ಲ, ನೆಲಕ್ಕೆ ತಾಗಿದ್ರೆ ಮೊಳೆ ಹೊಡೆದಂಗೆ. ಮೂರು ವರ್ಷ ಆಯ್ತು. ಈಗ ಕೋಲಿಗೆ ಬಟ್ಟೆ ಕಟ್ಟಿ ಒರೆಸ್ತೀನಿ."

ಸೊಸೆಯ ಕತ್ತರಿ ನಿಂತಿತು. ಟೈಲ್ಸ್ ಹಾಕುವವನಿಗೆ ಕೋಲು ಕಟ್ಟಿಕೊಳ್ಳುವ ದಾರಿ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಅವನ ನಡಿಗೆಯೇ ಮಂಡಿಯ ಮೇಲೆ.

ಮನೆಗೆ ಬಂದವಳೇ ಕೇಳಿದಳು. "ರೀ, ಮಂಡಿ ಊರೋ ಕೆಲಸ ಅಂತ ಡಾಕ್ಟ್ರಿಗೆ ಹೇಳಿದ್ದೀರಾ?"

"ಹೇಳದೆ ಇರ್ತೀನಾ?"

"ಯಾವಾಗ? ನಾನು ಜೊತೇಲೇ ಇದ್ದೆ."

"ಫಾರಂ ತುಂಬಿಸ್ಕೊಂಡ್ರಲ್ಲ, ನೀನು ಸ್ಕ್ಯಾನ್ ತರೋಕೆ ಹೋಗಿದ್ದಾಗ. ಅದರಲ್ಲೇ ಇದೆ ಎಲ್ಲ."

"ಹಾಗಾದ್ರೆ ಗೊತ್ತಿದ್ದೂ ಚಿಪ್ಪಿನ ಪಟ್ಟಿನೇ ಸರಿ ಅಂದ್ರಾ? ಆ ಡಾಕ್ಟ್ರ ಮೇಲೆ ನಂಗೆ ನಂಬಿಕೆ ಇಲ್ಲ. ಇನ್ನೊಂದು ಸಲ ಕೇಳೋಣ."

"ಆಪರೇಷನ್ ದಿನ ನಿಗದಿಯಾಗಿದೆ. ಕೆದಕಬೇಡ ಮಾರಾಯ್ತಿ."

"ಕೆದಕಿದ್ರೆ ಏನು ಬರತ್ತೆ?" ಎಂದು ಅವಳು ಅವನ ಮುಖವನ್ನೇ ನೋಡಿದಳು. ಅವನು ಗೋಡೆಯ ಕಡೆ ತಿರುಗಿ, ಬೆರಳ ಗೆಣ್ಣಿನಿಂದ ಟೈಲ್ಸನ್ನು ಟಕ್ ಟಕ್ ಎಂದು ಬಡಿದು ಪೊಳ್ಳು ಎಲ್ಲಿದೆ ಎಂದು ಕೇಳತೊಡಗಿದ. ಕೈಗೆ ಕೆಲಸವಿಲ್ಲದ ದಿನಗಳಲ್ಲಿ ಹತ್ತಿದ ಚಾಳಿ.

ಅವಳು ಬಿಡಲಿಲ್ಲ. ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಡಾಕ್ಟರ ಸಮಯ ತೆಗೆದುಕೊಂಡಳು. ತಾನೂ ಬರುತ್ತೇನೆ ಎಂದು ಮೇಸ್ತ್ರಿ ಬೂಟು ಹಾಕಿದ. ಅಣ್ಣನಿಗೆ ಮೆಟ್ಟಿಲು ಇಳಿಯಲು ಆಸರೆ ಬೇಕಲ್ಲ ಎಂದು ಅಮ್ಮ ಚಿಕ್ಕವನನ್ನು ನೂಕಿದಳು. ಸೆಕೆಯ ದಿನ, ಆದರೂ ಅವನು ದಪ್ಪ ಜೀನ್ಸ್ ಹಾಕಿ ಬೆಲ್ಟು ಬಿಗಿದಿದ್ದ.

ಡಾಕ್ಟರ ಕೋಣೆಯಲ್ಲಿ ಕುರ್ಚಿ ಎರಡೇ. ಗಂಡಹೆಂಡಿರು ಕೂತರು. ಚಿಕ್ಕವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸೊಸೆ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮುಂದೆ ಬಂದು, ಬಲಗಾಲಿನ ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಕಾಲನ್ನು ಡಾಕ್ಟರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟ. ಒಣಗಿದ ಕಾಲು, ಮೀನಖಂಡದ ಮೇಲೆ ಹಳೆಯ ಚೂರಿಗಾಯಗಳು.

"ಡಾಕ್ಟ್ರೇ, ಕಡ್ಡಿ ನನ್ನದರಿಂದ ತಗೊಳ್ಳಿ. ಚಿಕ್ಕವನ ಕಾಲಿಗೆ ಕೈ ಹಾಕ್ಬೇಡಿ. ಅವನು ಏಣಿ ಹತ್ತೋನು. ನನ್ನದು ಹಳೇ ಮರ ನಿಜ, ಆದ್ರೆ ಹುಳ ಬಿದ್ದಿಲ್ಲ. ಬೇಕಾದ್ರೆ ಎಳೆದು ನೋಡಿ."

ಡಾಕ್ಟರು ಕನ್ನಡಕ ತೆಗೆದು ಕಾಲನ್ನೂ ಅದರ ಒಡೆಯನನ್ನೂ ನೋಡಿದರು. ನಗಲಿಲ್ಲ.

"ಯಜಮಾನ್ರೇ, ಬೇರೆ ಯಾರ ಕಾಲಿಂದಾನೂ ತೆಗೆಯಲ್ಲ. ಅವರ ಕಾಲಿಂದಾನೇ ತೆಗೆದು ಅವರಿಗೇ ಹಾಕ್ತೀವಿ. ದಾನಿ ಅಂದ್ರೆ ತೀರ್ಕೊಂಡವರು. ಅದು ನಿಮ್ಮ ಮಗನಿಗೆ ಬೇಡ. ಈ ವಯಸ್ಸಲ್ಲಿ ಮತ್ತೆ ಹರಿಯೋದು ಜಾಸ್ತಿ."

"ಅವನದನ್ನೇ ಅವನಿಗಾ?" ಮೇಸ್ತ್ರಿ ಕಾಲು ಇಳಿಸಲೇ ಮರೆತ. "ಅದು ಕಸಿ ಹೇಗಾಗತ್ತೆ ಸ್ವಾಮಿ? ಅದು ತೇಪೆ!"

ಚಿಕ್ಕವನು ಬಾಗಿಲು ಬಿಟ್ಟು ಮುಂದೆ ಬಂದ. "ಅಂದ್ರೆ... ಆ ಟೇಪು?"

"ನಿಮ್ಮಣ್ಣನ ಚಡ್ಡಿಗೆ," ಎಂದಳು ಸೊಸೆ. ನಿಧಾನವಾಗಿ ಅವಳಿಗೆ ಅರ್ಥವಾಗುತ್ತಿತ್ತು. "ಅಯ್ಯೋ ದೇವರೇ. ಅದಕ್ಕಾ ಮೊಟ್ಟೆ ಬಿಟ್ಟಿದ್ದು?"

"ನನ್ನ ತಮ್ಮನ ಕಾಲು ಕೊಯ್ಸೋನಾ ನಾನು?" ದೊಡ್ಡವನು ಕುರ್ಚಿಯಿಂದ ಅರ್ಧ ಎದ್ದ. "ಹಾಗಂದ್ಕೊಂಡ್ರಾ ಎಲ್ಲಾರೂ?"

"ಮತ್ತೆ ಮಾಡೋದೇನು!" ಮೇಸ್ತ್ರಿ ಸೋಲಲಾರದೆ ಗದರಿದ. "ಕೇಳಿದ್ರೆ ಏನಿಲ್ಲ ಅಂತೀರ. ನಿನ್ನ ಕಾಲು ಏಳದಿದ್ರೆ ಏನು ಗತಿ ಅಂತ ನಂಗೆ ದಿಗಿಲಿಲ್ವಾ? ಡಾಕ್ಟ್ರೇ, ಇವನು ಮಂಡಿ ಊರದೆ ಇದ್ರೆ ನಮ್ಮ ಮನೇಲಿ ಒಲೆ ಹತ್ತಲ್ಲ. ಬೆಳಗಿಂದ ಸಂಜೆವರ್ಗೂ ನೆಲದ ಮೇಲೆ ಮಂಡೀಲಿ ತೆವಳೋನು."

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಫೈಲು ತಿರುವಿದರು. "ಮಂಡೀಲಾ? ಇಲ್ಲಿ ಸೂಪರ್‌ವೈಸರ್ ಅಂತಿದೆ."

ಸೊಸೆ ಗಂಡನ ಕಡೆ ತಿರುಗಿದಳು. ಅವನು ತನ್ನ ಕೈಗಳನ್ನು ನೋಡುತ್ತಿದ್ದ. ಉಗುರಿನ ಸುತ್ತ ಸಿಮೆಂಟಿನ ಬಿಳಿ.

"ಫಾರಂ ತುಂಬಿಸೋ ಸಾಲಲ್ಲಿ ನನ್ನ ಹಿಂದೆ ಶಾಲೆಯ ಗೆಳೆಯ ನಿಂತಿದ್ದ," ಎಂದ ಕೊನೆಗೆ. "ಟೈ ಕಟ್ಟಿದ್ದ. ಕೌಂಟರಿನವಳು ಜೋರಾಗಿ ಕೆಲಸ ಏನು ಅಂದ್ಲು. ಬಾಯಿಗೆ ಅದೇ ಬಂತು."

"ಒಂದು ಮಾತಿಗೆ ಮಂಡಿ ಕಳ್ಕೋತಿದ್ರಲ್ರೀ," ಎಂದಳು ಸೊಸೆ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಡಾಕ್ಟರು ಹಾಳೆಯೊಂದರ ಮೇಲೆ ಮಂಡಿಯ ಚಿತ್ರ ಬರೆದರು. "ಕುರ್ಚಿ ಕೆಲಸ ಅಂದ್ಕೊಂಡು ಚಿಪ್ಪಿನ ಪಟ್ಟಿ ಹೇಳಿದ್ದೆ. ಅದು ಬೇಗ ಹತ್ತತ್ತೆ, ಆದ್ರೆ ಊರಿದಾಗ ನೋವು ಉಳಿಯೋ ಸಂಭವ ಇದೆ. ನಿಮಗೆ ತೊಡೆ ಹಿಂದಿನ ನರ ತಗೊಳ್ಳೋಣ. ಎರಡೆಳೆ ತೆಗೆದು, ಮಡಚಿ ನಾಲ್ಕೆಳೆ ಮಾಡ್ತೀವಿ. ಹತ್ತೋಕೆ ನಿಧಾನ. ಕಾಲು ಹಿಂದಕ್ಕೆ ಮಡಚೋ ಬಲ ಸ್ವಲ್ಪ ಕಮ್ಮಿಯಾಗಬಹುದು. ಮಂಡಿ ಊರೋಕೆ ಇದೇ ವಾಸಿ, ಆದ್ರೆ ನೂರಕ್ಕೆ ನೂರು ಅಂತ ಬರೆದು ಕೊಡಲ್ಲ."

"ಗುಂಡಿ ಹೊಲಿಯೋ ದಾರಾನೂ ನಾಲ್ಕೆಳೆನೇ," ಎಂದಳು ಸೊಸೆ. "ಅದಾಗ್ಲಿ." ಗಂಡನ ಕಡೆ ತಿರುಗಿದಳು. "ನೀವು ಹೇಳಿ. ಈ ಸಲ ಬೇಗ ಆಯ್ತು ಅನ್ಬೇಡಿ."

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. "ಅದಕ್ಕೂ ಮುಂಚೆ ಆ ಫೈಲು ಕೊಡಿ ಸಾರ್," ಎಂದ. ಪೆನ್ನು ತೆಗೆದುಕೊಂಡು ಸೂಪರ್‌ವೈಸರ್ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಟೈಲ್ಸ್ ಕೆಲಸ ಎಂದು ಬರೆದ. ಮೇಸ್ತ್ರಿ ಬಗ್ಗಿ, ಏನು ಬರೆದ ಎಂದು ಎರಡು ಸಲ ಓದಿ ನೋಡಿದ.

ದಾರಿಯುದ್ದಕ್ಕೂ ಅಣ್ಣನ ತೋಳು ತಮ್ಮನ ಹೆಗಲ ಮೇಲಿತ್ತು. "ಗುತ್ತಿಗೆದಾರ ನಿಂಗ್ಯಾಕೆ ಫೋನು ಮಾಡ್ತಿದ್ದ?" ಎಂದ ದೊಡ್ಡವನು.

"ನಿನ್ನ ಕಾಲು ಹೇಗಿದೆ ಅಂತ. ನಿಂಗೆ ಕೇಳಿದ್ರೆ ಸುಳ್ಳು ಹೇಳ್ತೀಯಂತೆ."

ತೊಡೆಯ ನರದಿಂದಲೇ ಆಪರೇಷನ್ ಆಯಿತು. ವಾರಗಟ್ಟಲೆ ಆ ಮನೆಯಲ್ಲಿ ಊರುಗೋಲಿನ ಸದ್ದು, ಐಸಿನ ಚೀಲ, ಪಕ್ಕ ಬಿಚ್ಚುವ ಚಡ್ಡಿ, ಅಮ್ಮನ ಗೊಣಗಾಟ. ಚಿಕ್ಕವನು ಎರಡು ಮೊಟ್ಟೆಗೆ ಮರಳಿದ. ಸೊಸೆ ಒಂದು ದಿನ ಮರೆತು ಒಂದೇ ಹಾಕಿದ್ದಕ್ಕೆ, "ಕಾಲು ಬೇಡ ಅಂದ್ಮೇಲೆ ಬೆಲೆ ಇಲ್ಲ ನಮಗೆ," ಎಂದು ರಾಗ ಎಳೆದ. ಮೇಸ್ತ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ತನ್ನದು ತನಗೇ ಹತ್ತುತ್ತದೆ ಎಂಬುದನ್ನು ಅವನ ಕೈ ಒಪ್ಪಿರಲಿಲ್ಲ.

ಐದನೆಯ ತಿಂಗಳಲ್ಲಿ, ಮೆತ್ತನೆಯದರ ಮೇಲೆ ಮಂಡಿ ಊರಿ ನೋಡಬಹುದು ಎಂದರು ಡಾಕ್ಟರು. ಮೇಸ್ತ್ರಿ ನರ್ಸರಿಯಿಂದ ತೆಂಗಿನ ನಾರಿನ ಪುಡಿ ತುಂಬಿದ ಚೀಲ ತಂದು ಅಡುಗೆಮನೆಯ ನೆಲಕ್ಕೆ ಹಾಸಿದ. ಅಲ್ಲೇ ಸಿಂಕಿನ ಕೆಳಗೆ, ಬಡಿದರೆ ಪೊಳ್ಳು ದನಿ ಕೊಡುವ ಒಂದು ಟೈಲು ಇತ್ತು. ಊರವರ ನೆಲವನ್ನೆಲ್ಲ ಸರಿಮಾಡಿದವನಿಗೆ ತನ್ನ ಮನೆಯದಕ್ಕೆ ಪುರಸೊತ್ತಾಗಿರಲಿಲ್ಲ.

ಎಲ್ಲರೂ ಒಲೆಯ ಸುತ್ತ ನಿಂತರು. ದೊಡ್ಡವನು ಎಡಮಂಡಿ ಊರಿದ.

"ಅದಲ್ಲ," ಎಂದಳು ಹೆಂಡತಿ.

ಅವನು ಸಿಂಕಿನ ಅಂಚು ಹಿಡಿದು ಬಲಮಂಡಿಯನ್ನು ಇಳಿಸಿದ. ಚೀಲಕ್ಕೆ ತಾಗಿಸಿದ. ಹುಬ್ಬು ಗಂಟಾಯಿತು. ಆಮೇಲೆ ಕೈಬಿಟ್ಟ.

"ನೋವಾ?" ಎಂದಳು ಅಮ್ಮ.

"ಇದೆ."

"ಮೊಳೆ ಹೊಡೆದಂಗಾ?" ಎಂದಳು ಹೆಂಡತಿ.

ಅವನು ಸ್ವಲ್ಪ ಹೊತ್ತು ಅದನ್ನೇ ಆಲಿಸುವವನಂತೆ ಕೂತ. "ಇಲ್ಲ. ಹೊಸ ಚಪ್ಪಲಿ ಕಚ್ಚಿದಂಗೆ."

"ನಿಜ ಹೇಳ್ತಿದ್ದೀರಾ?"

"ಫೈಲಲ್ಲಿ ತಿದ್ದಿ ಬರೆದಷ್ಟೇ ನಿಜ."

ಮೇಸ್ತ್ರಿ ಮಗನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ. ಮಂಡಿಯ ಒಳಬದಿಯಲ್ಲಿ ಗಾಯದ ಗುಲಾಬಿ ಗೆರೆ, ಎರಡು ಬೆರಳಗಲದಷ್ಟು ಉದ್ದ. ಅವನ ಕೈ ಅಲ್ಲಿಗೆ ಹೋಯಿತು. ಬೀಗ, ಹಗ್ಗ, ಗುಂಡಿ, ಏಣಿಗಳನ್ನೆಲ್ಲ ಜಗ್ಗಿದ ಕೈ. ಚರ್ಮಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಮನೆಯವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಎದ್ದು, ಮೂಲೆಯಲ್ಲಿದ್ದ ಉಳಿ ಸುತ್ತಿಗೆ ತಂದು ಮಗನ ಮುಂದಿಟ್ಟ.

"ಆ ಪೊಳ್ಳು ಟೈಲು ತೆಗಿ," ಎಂದ. "ನಾನು ಮುಟ್ಟಿ ನೋಡಲ್ಲ."